ಮೊಸಿನ್ ಬೆಲೆ ಐದು ಪಟ್ಟು ಏರಿದ್ದು ಹೇಗೆ? ಸೈನ್ಯ ಬಿಟ್ಟ ಹಳೆ ಕೋವಿಗಳು ಮತ್ತು ದೇಶದೇಶಗಳ ಜಗಳ

ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ನಾನಿರುವುದು ಒಹಾಯೋದಲ್ಲಿ. ಸಹೋದ್ಯೋಗಿಯೊಬ್ಬರ ಜೊತೆ ಗನ್ ಶೋ ನೋಡಲು ಹೋಗಿದ್ದೆ. ಒಂದು ಮೇಜಿನ ಮೇಲೆ ರಷ್ಯಾದ ಮೊಸಿನ್-ನಾಗಾಂ ರೈಫಲ್ ಇತ್ತು. 1943ರಲ್ಲಿ ಇಝೆವ್ಸ್ಕ್‌ನಲ್ಲಿ ಮಾಡಿದ್ದು. ಚೀಟಿಯಲ್ಲಿ 425 ಡಾಲರ್. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನೋಡಿ ನಕ್ಕುಬಿಟ್ಟರು. ಅವರು ಇಂಥದ್ದನ್ನೇ ಹಿಂದೆ ಎಂಬತ್ತು ಡಾಲರಿಗೆ ತಂದಿದ್ದರಂತೆ. ಅದೂ ಬಯೊನೆಟ್, ಬೆಲ್ಟು, ಎಣ್ಣೆ ಡಬ್ಬಿ ಎಲ್ಲ ಸೇರಿ.

ನನಗೆ ತಲೆಗೆ ಹೋಗದ ವಿಷಯ ಒಂದೇ. ಈ ಮಾದರಿಯ ರೈಫಲ್ ಮೂರೂವರೆ ಕೋಟಿಗೂ ಜಾಸ್ತಿ ತಯಾರಾಗಿದೆ ಅಂತ ಓದಿದ್ದೇನೆ. ಅಪರೂಪದ ವಸ್ತು ಅಲ್ಲವೇ ಅಲ್ಲ. ಹಾಗಿದ್ದ ಮೇಲೆ ಬೆಲೆ ಇಷ್ಟು ಏರಿದ್ದು ಯಾಕೆ? ಬರೀ ಹಣದುಬ್ಬರವಾ? ಗೊತ್ತಿದ್ದವರು ಹೇಳಿ.

ಲೋನ್‌ಸ್ಟಾರ್_ಕನ್ನಡಿಗ

ಹಣದುಬ್ಬರ ಸ್ವಲ್ಪ ಇದೆ, ಇಲ್ಲ ಅನ್ನಲ್ಲ. ಆದರೆ ಅದರಿಂದ ಐದು ಪಟ್ಟು ಏರುವುದಿಲ್ಲ. ಹಳೆ ಸೈನ್ಯದ ಕೋವಿ ಜಗತ್ತಿನಲ್ಲಿ ಎಷ್ಟು ಉಳಿದಿದೆ ಅನ್ನುವುದು ಬೆಲೆಗೆ ಅಷ್ಟು ಮುಖ್ಯ ಅಲ್ಲ. ನಿಮ್ಮ ಬಂದರಿಗೆ ಎಷ್ಟು ಬರಲು ಬಿಡುತ್ತಾರೆ ಅನ್ನುವುದೇ ಮುಖ್ಯ. ಅದನ್ನು ತೀರ್ಮಾನ ಮಾಡುವವರು ಕೋವಿ ವ್ಯಾಪಾರದಲ್ಲಿ ಇರುವವರಲ್ಲ.

ಮೊಸಿನ್ ಕಥೆಯನ್ನೇ ತಗೊಳ್ಳಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಸೈನ್ಯ ಈ ರೈಫಲ್‌ಗಳನ್ನು ಎಸೆಯಲಿಲ್ಲ. ರಿಪೇರಿ ಮಾಡಿಸಿ, ಕಾಸ್ಮೊಲಿನ್ ಗ್ರೀಸ್ ಮೆತ್ತಿ, ಮರದ ಪೆಟ್ಟಿಗೆಗೆ ತುಂಬಿ ಮುಂದಿನ ಯುದ್ಧಕ್ಕೆ ಇರಲಿ ಅಂತ ಉಗ್ರಾಣದಲ್ಲಿ ಇಟ್ಟಿತು. ಆ ಯುದ್ಧ ಬರಲೇ ಇಲ್ಲ. 1991ರಲ್ಲಿ ದೇಶವೇ ಒಡೆದು ಹೋಯಿತು. ಉಗ್ರಾಣಗಳು ರಷ್ಯಾ, ಉಕ್ರೇನ್ ಹೀಗೆ ಹಂಚಿಹೋದವು. ಎಲ್ಲರಿಗೂ ಡಾಲರ್ ಬೇಕಿತ್ತು. ಅಮೆರಿಕದ ಆಮದುದಾರರು ಕಂಟೇನರ್ ಲೆಕ್ಕದಲ್ಲಿ ತಂದು ಸುರಿದರು. 2010ರವರೆಗೂ ನೂರು ಡಾಲರ್ ಒಳಗೆ ಸಿಗುತ್ತಿತ್ತು. ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ರ್‍ಯಾಕಿಗೆ ಸಾಲಾಗಿ ಒರಗಿಸಿ ಇಟ್ಟಿರುತ್ತಿದ್ದರು. ಆರಿಸಿಕೊಳ್ಳಬಹುದಿತ್ತು.

ಅಷ್ಟು ಹೊತ್ತಿಗೆ ಬಾಗಿಲು ಅರ್ಧ ಮುಚ್ಚಿಯೇ ಇತ್ತು. 1996ರಲ್ಲಿ ಅಮೆರಿಕ-ರಷ್ಯಾ ನಡುವೆ ಒಂದು ಒಪ್ಪಂದ ಆಗಿತ್ತು. ರಷ್ಯಾದಿಂದ ಯಾವ ಮಾದರಿ ಬರಬಹುದು ಅಂತ ಅದರಲ್ಲಿ ಒಂದು ಪಟ್ಟಿ. ಪಟ್ಟಿಯಲ್ಲಿ ಇದ್ದದ್ದು ಮಾತ್ರ ಬರಬೇಕು. ಮೊಸಿನ್ ಆ ಪಟ್ಟಿಯಲ್ಲಿತ್ತು, ಬದುಕಿಕೊಂಡಿತು.

ಆಮೇಲೆ ಒಂದರ ಹಿಂದೆ ಒಂದು ಏಟು. 2014ರಲ್ಲಿ ರಷ್ಯಾ ಕ್ರಿಮಿಯಾ ತಗೊಂಡಿತು. ಅದೇ ಜುಲೈನಲ್ಲಿ ಕಲಾಶ್ನಿಕೋವ್ ಕಂಪನಿಯನ್ನು ಅಮೆರಿಕ ನಿರ್ಬಂಧದ ಪಟ್ಟಿಗೆ ಹಾಕಿತು. ಅದು ಹಳೆ ಮಾಲಿಗೆ ನೇರವಾಗಿ ತಟ್ಟಿದ್ದಲ್ಲ, ಸೈಗಾ ಎಂಬ ಹೊಸ ರೈಫಲ್‌ಗಳು ಬರುವುದು ನಿಂತಿತು. ಆದರೆ "ರಷ್ಯಾದ್ದು ಇನ್ನು ಸಿಗಲ್ಲ" ಅನ್ನುವ ಭಯ ಶುರುವಾಯಿತು, ಜನ ಕಂಡದ್ದನ್ನೆಲ್ಲ ಬಾಚಿಕೊಂಡರು. 2020ರಲ್ಲಿ ರಷ್ಯಾದ ವಿರೋಧಪಕ್ಷದ ನಾಯಕ ನವಾಲ್ನಿಗೆ ವಿಷ ಹಾಕಿದ ಪ್ರಕರಣ ಆಯಿತಲ್ಲ, ಅದರ ಶಿಕ್ಷೆಯಾಗಿ 2021ರ ಸೆಪ್ಟೆಂಬರ್ 7ರಿಂದ ರಷ್ಯಾದ ಕೋವಿ, ತೋಟೆಗಳಿಗೆ ಹೊಸ ಆಮದು ಪರವಾನಗಿ ಕೊಡುವುದನ್ನೇ ನಿಲ್ಲಿಸಿದರು. ವಿಷ ಹಾಕಿದ್ದು ಸೈಬೀರಿಯಾದಲ್ಲಿ, ತೋಟೆ ಬೆಲೆ ಏರಿದ್ದು ನಮ್ಮ ಟೆಕ್ಸಾಸ್‌ನಲ್ಲಿ. ಅದಾದ ಐದೇ ತಿಂಗಳಿಗೆ ಉಕ್ರೇನ್ ಯುದ್ಧ. ಆ ಕಡೆಯ ಉಗ್ರಾಣದ ಬಾಗಿಲೂ ಮುಚ್ಚಿತು.

ಇನ್ನೊಂದು ವಿಷಯ, ಹೊಸಬರು ಮರೆಯುವುದು ಇದನ್ನೇ. ಮೊಸಿನ್ ಜನಪ್ರಿಯ ಆದದ್ದು ರೈಫಲ್ ಅಗ್ಗ ಅಂತ ಮಾತ್ರ ಅಲ್ಲ. ತೋಟೆ ಅದಕ್ಕಿಂತ ಅಗ್ಗ ಇತ್ತು. 440 ತೋಟೆ ತುಂಬಿ ಸೀಲ್ ಮಾಡಿದ ತಗಡಿನ ಡಬ್ಬಿ ನೂರು ಡಾಲರ್ ಒಳಗೆ ಬರುತ್ತಿತ್ತು. ತೆರೆಯಲು ಪ್ರತ್ಯೇಕ ಕೀಲಿಯಂಥ ಉಪಕರಣವೂ ಬೇಕು. ಡಬ್ಬಿ ಬರುವುದು ನಿಂತ ಮೇಲೆ ಆ ರೈಫಲ್ ಶನಿವಾರದ ಮೋಜಿನ ವಸ್ತುವಾಗಿ ಉಳಿಯಲಿಲ್ಲ, ಸಂಗ್ರಹದ ವಸ್ತುವಾಯಿತು. ಬೆಲೆ ಕಟ್ಟುವ ಗಿರಾಕಿಯೇ ಬದಲಾದ.

ಇತಿಹಾಸಪ್ರಿಯ

ಉಕ್ರೇನ್ ಉಗ್ರಾಣ ಅಂದಿರಲ್ಲ, ಅದರಲ್ಲಿ ಒಂದು ಎಲ್ಲಿತ್ತು ಗೊತ್ತಾ? ದೊನೆತ್ಸ್ಕ್ ಪ್ರಾಂತದಲ್ಲಿ ಸೊಲೆದಾರ್ ಹತ್ತಿರ ಪರಾಸ್ಕೊವಿಯಿವ್ಕಾ ಅಂತ ಊರು. ಅಲ್ಲಿನ ಉಪ್ಪಿನ ಗಣಿಯೊಳಗೆ. ನೆಲದಡಿ ತೇವ ಇಲ್ಲ, ವರ್ಷಪೂರ್ತಿ ಒಂದೇ ಹವೆ. ಕಬ್ಬಿಣ ತುಕ್ಕು ಹಿಡಿಯದೆ ದಶಕಗಟ್ಟಲೆ ಇರುತ್ತದೆ. ಯುದ್ಧಕಾಲದ ಮೊಸಿನ್, ಪಿಪಿಎಸ್‌ಎಚ್ ಸಬ್‌ಮಷಿನ್ ಗನ್, ಜರ್ಮನ್ನರಿಂದ ಕಸಿದುಕೊಂಡ ಮೌಸರ್ ರೈಫಲ್, ಅಮೆರಿಕ ಯುದ್ಧಕಾಲದಲ್ಲಿ ಸೋವಿಯತ್‌ಗೆ ಕಳಿಸಿದ ಥಾಂಪ್ಸನ್ ಸಬ್‌ಮಷಿನ್ ಗನ್‌ಗಳು ಕೂಡ ಅಲ್ಲಿದ್ದವು. 2023ರ ಫೆಬ್ರವರಿಯಲ್ಲಿ ಆ ಊರು ರಷ್ಯಾದ ಖಾಸಗಿ ಸೇನೆ ವಾಗ್ನರ್ ಪಡೆಯ ಕೈಗೆ ಹೋಯಿತು. ಅಲ್ಲಿಗೆ ಆ ಪೆಟ್ಟಿಗೆಗಳ ಕಥೆ ಮುಗಿಯಿತು ಅಂದುಕೊಳ್ಳಿ. ಸದ್ಯಕ್ಕಂತೂ ಯಾವ ಆಮದುದಾರನ ಕೈಗೂ ಸಿಗುವುದಿಲ್ಲ.

ಇನ್ನೊಂದು ಕಡೆ, 2022ರಲ್ಲಿ ದೊನೆತ್ಸ್ಕ್‌ನ ಪ್ರತ್ಯೇಕತಾವಾದಿ ಪಡೆಗೆ ಎಳೆದು ತಂದ ಹುಡುಗರ ಕೈಯಲ್ಲಿ ಇದೇ ಮೊಸಿನ್ ಇರುವ ಚಿತ್ರಗಳು ಬಂದವು. ನಾವು "ಸಂಗ್ರಹದ ವಸ್ತು" ಅನ್ನುವುದನ್ನು ಅಲ್ಲಿ ಕೆಲಸಕ್ಕೆ ಹಚ್ಚಿದ್ದರು.

ಕಾವೇರಿತೀರ

ಅಬ್ಬಾ. ಇಷ್ಟು ಇದೆ ಅಂತ ಗೊತ್ತಿರಲಿಲ್ಲ. ಆ ಮೇಜಿನ ಮೇಲಿದ್ದ ರೈಫಲ್ ಯಾವ ಕಡೆಯಿಂದ ಬಂದದ್ದು ಅಂತ ನೋಡಿದರೆ ತಿಳಿಯುತ್ತಾ?

ಲೋನ್‌ಸ್ಟಾರ್_ಕನ್ನಡಿಗ

ಸ್ವಲ್ಪ ಮಟ್ಟಿಗೆ. ನಳಿಗೆಯ ಹಿಂಭಾಗ ನೋಡಿ. ತ್ರಿಕೋನದೊಳಗೆ ಬಾಣ ಇದ್ದರೆ ಇಝೆವ್ಸ್ಕ್, ನಕ್ಷತ್ರ ಇದ್ದರೆ ತುಲಾ. ಒಂದು ಪುಟ್ಟ ಚೌಕ, ಅದರ ಮೇಲೆ ಓರೆಯಾಗಿ ಗೆರೆ ಎಳೆದಂತೆ ಮುದ್ರೆ ಇದ್ದರೆ ಸೋವಿಯತ್ ಕಾಲದಲ್ಲಿ ರಿಪೇರಿ ಆಗಿದೆ ಅಂತ ಅರ್ಥ. ಮರದ ಮೇಲೆ ಕೆಂಪು ಛಾಯೆಯ ಶೆಲ್ಯಾಕ್ (ಅರಗಿನ ವಾರ್ನಿಷ್) ದಪ್ಪಗೆ ಬಳಿದಿದ್ದರೂ ಅದೇ ಸೂಚನೆ. "ಎಸ್‌ಎ" ಅಂತ ಚೌಕಟ್ಟಿನೊಳಗೆ ಇದ್ದರೆ ಅದು ಫಿನ್ಲೆಂಡ್ ಸೈನ್ಯದಲ್ಲಿ ಇದ್ದದ್ದು. ಅದರ ಬೆಲೆಯೇ ಬೇರೆ, ಬಿಡಬೇಡಿ.

ಕೊನೆಯದಾಗಿ ಆಮದು ಮುದ್ರೆ. 1968ರ ನಂತರ ಅಮೆರಿಕಕ್ಕೆ ವ್ಯಾಪಾರಕ್ಕಾಗಿ ಬಂದ ಕೋವಿಯ ಮೇಲೆ ಆಮದುದಾರನ ಹೆಸರು, ಊರು, ಮೂಲ ದೇಶ ಕೆತ್ತಿರಲೇಬೇಕು. ಸಾಮಾನ್ಯವಾಗಿ ನಳಿಗೆಯ ತುದಿ ಕಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮುದ್ರೆ ಇಲ್ಲದ್ದು ಸಿಕ್ಕರೆ, ಸೈನಿಕನೊಬ್ಬ ಯುದ್ಧದಿಂದ ತಂದದ್ದು ಅಥವಾ 1968ಕ್ಕೂ ಮುಂಚೆ ಬಂದದ್ದು ಅಂತ ಸಂಗ್ರಹಕಾರರು ಜಾಸ್ತಿ ದುಡ್ಡು ಕೊಡುತ್ತಾರೆ. ಆ ಮುದ್ರೆಯನ್ನು ಉಜ್ಜಿ ತೆಗೆದು ಮಾರುವ ಕಳ್ಳರೂ ಇದ್ದಾರೆ, ಹುಷಾರು.

ಇತಿಹಾಸಪ್ರಿಯ

1968 ಅಂದದ್ದು ಒಳ್ಳೆಯದಾಯಿತು. ಈ ವ್ಯಾಪಾರದ ಅತಿ ವಿಚಿತ್ರ ಕಥೆ ಅಲ್ಲೇ ಇದೆ.

ಐವತ್ತರ ದಶಕದಲ್ಲಿ ಯುರೋಪಿನ ಸೈನ್ಯಗಳೆಲ್ಲ ಹೊಸ ರೈಫಲ್‌ಗೆ ಬದಲಾಗುತ್ತಿದ್ದವು. ಹಳೆಯದನ್ನು ಲಕ್ಷಗಟ್ಟಲೆ ಮಾರಿದವು. ಸ್ಯಾಮ್ ಕಮಿಂಗ್ಸ್ ಅನ್ನುವ ವ್ಯಾಪಾರಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ನದಿ ದಂಡೆಯ ಗೋದಾಮುಗಳನ್ನು ಇದರಿಂದಲೇ ತುಂಬಿಸಿದ್ದ. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಅಂಚೆಯಲ್ಲಿ ರೈಫಲ್ ತರಿಸಬಹುದಿತ್ತು. ಇದರಿಂದ ಹೊಟ್ಟೆಗೆ ಹೊಡೆತ ಬಿದ್ದದ್ದು ನ್ಯೂ ಇಂಗ್ಲೆಂಡ್ ಕಡೆಯ ಕೋವಿ ಕಾರ್ಖಾನೆಗಳಿಗೆ. ಹೊಸ ಬೇಟೆ ರೈಫಲ್ ಯಾರು ಕೊಳ್ಳುತ್ತಾರೆ, ಇಪ್ಪತ್ತು ಡಾಲರಿಗೆ ಹಳೆಯದು ಸಿಗುವಾಗ? ಹಾಗಾಗಿ 1958ರಲ್ಲಿ ಅದೇ ಭಾಗದ ಮ್ಯಾಸಚೂಸೆಟ್ಸ್‌ನ ಸೆನೆಟರ್ ಒಬ್ಬರು, ಸೈನ್ಯಕ್ಕಾಗಿ ತಯಾರಾದ ಹಳೆ ಕೋವಿಗಳ ಆಮದು ನಿಲ್ಲಿಸಿ ಅಂತ ಮಸೂದೆ ಮಂಡಿಸಿದರು. ಅದು ಪಾಸಾಗಲಿಲ್ಲ. ಆ ಸೆನೆಟರ್ ಜಾನ್ ಎಫ್. ಕೆನಡಿ.

ಐದು ವರ್ಷದ ನಂತರ ಡಲ್ಲಾಸ್‌ನಲ್ಲಿ ಅವರನ್ನು ಕೊಂದದ್ದು ಇಟಲಿ ಸೈನ್ಯದ ಹಳೆ ಕಾರ್ಕಾನೊ ರೈಫಲ್. ಅಂಚೆಯಲ್ಲಿ ತರಿಸಿದ್ದು, ದುರ್ಬೀನು ಸೇರಿ 19.95 ಡಾಲರ್. 1968ರ ಕೋವಿ ನಿಯಂತ್ರಣ ಕಾನೂನು ಬಂದಾಗ ಅಂಚೆ ಮಾರಾಟವೂ ನಿಂತಿತು, ಸೈನ್ಯದ ಹಳೆ ಕೋವಿ ಆಮದೂ ನಿಂತಿತು. ಮತ್ತೆ ಆ ಬಾಗಿಲು ತೆರೆದದ್ದು 1984ರ ಸುಮಾರಿಗೆ, ಸಂಗ್ರಹಯೋಗ್ಯ ಅಂತ ಪಟ್ಟಿಯಾದವಕ್ಕೆ ಮಾತ್ರ. ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದದ್ದು ಆ ವರ್ಗಕ್ಕೆ ಸೇರುತ್ತದೆ. ಮೂವತ್ತು ಡಾಲರ್ ಕಟ್ಟಿದರೆ ಮೂರು ವರ್ಷಕ್ಕೆ ಸಂಗ್ರಹಕಾರರ ಲೈಸೆನ್ಸ್ ಸಿಗುತ್ತದೆ. ಮೊಸಿನ್ ಹೊಳೆಯಾಗಿ ಹರಿದದ್ದು ಆ ದಾರಿಯಲ್ಲೇ.

ಆಲ್ಬರ್ಟಾ_ಅಣ್ಣ

ಕೆನಡಾದಿಂದ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ನಮ್ಮ ಮೊಸಿನ್ ಅಂದರೆ ಸೋವಿಯತ್ ಮೂಲದ ಅರೆಸ್ವಯಂಚಾಲಿತ ರೈಫಲ್ ಎಸ್‌ಕೆಎಸ್. ಸೋವಿಯತ್‌ದ್ದೂ ಇದೆ, ಚೀನಾದ್ದೂ ಇದೆ.

ಚೀನಾ ಎಸ್‌ಕೆಎಸ್ ಅಮೆರಿಕದಲ್ಲಿ ತೊಂಬತ್ತರ ದಶಕದ ಆರಂಭದಲ್ಲಿ ನೂರು ಡಾಲರಿನ ಆಸುಪಾಸು ಇತ್ತು. 1994ರ ಮೇನಲ್ಲಿ ಕ್ಲಿಂಟನ್ ಚೀನಾ ಜೊತೆ ವ್ಯಾಪಾರ ರಿಯಾಯಿತಿ ಮುಂದುವರಿಸಿದರು. ತಿಯಾನನ್ಮೆನ್ ಗಲಾಟೆ ಆಗಿ ಐದು ವರ್ಷ, ಮಾನವ ಹಕ್ಕಿನ ಪ್ರಶ್ನೆ ಇನ್ನೂ ಬಿಸಿ ಇತ್ತು. ಆ ಪ್ರಶ್ನೆಯನ್ನು ವ್ಯಾಪಾರದಿಂದ ಬೇರೆ ಮಾಡಿದರು. ಆದರೆ ಏನೂ ಮಾಡಲಿಲ್ಲ ಅನ್ನಿಸಬಾರದಲ್ವಾ, ಅದಕ್ಕೆ ಚೀನಾದ ಕೋವಿ ಮತ್ತು ತೋಟೆ ಆಮದು ನಿಷೇಧ. ಆಟಿಕೆ, ಚಪ್ಪಲಿ, ಟಿವಿ ಎಲ್ಲ ಬರಲಿ, ಎಸ್‌ಕೆಎಸ್ ಬೇಡ! ಆ ನಿಷೇಧ ಇಂದಿಗೂ ಇದೆ.

ಕೆನಡಾ ಅಂಥ ನಿಷೇಧ ಹಾಕಲಿಲ್ಲ. ಹಾಗಾಗಿ ಅದೇ ಕಾರ್ಖಾನೆಯ ಅದೇ ರೈಫಲ್ ಗಡಿಯ ಆ ಕಡೆ ದುಬಾರಿ, ಈ ಕಡೆ ಅಗ್ಗ. ಎಷ್ಟೋ ವರ್ಷ ಇಲ್ಲಿ ಇನ್ನೂರು ಕೆನಡಿಯನ್ ಡಾಲರಿಗೆ ಸಿಗುತ್ತಿತ್ತು. ಉತ್ತರದ ಮೂಲನಿವಾಸಿ ಬೇಟೆಗಾರರಿಗೆ ಅದೇ ಕೆಲಸದ ಕೋವಿ. ಹಿಮದಲ್ಲಿ ಬಿದ್ದರೂ ಒದರಿ ಎತ್ತಿಕೊಂಡು ಹೊಡೆಯುತ್ತಾರೆ.

ಈಗ ಇಲ್ಲಿನದೇ ರಾಜಕೀಯ ಶುರು. 2020ರ ಏಪ್ರಿಲ್‌ನಲ್ಲಿ ನೋವಾ ಸ್ಕೋಶಿಯಾದ ಹತ್ಯಾಕಾಂಡ ಆಯಿತು. ಮೇ 1ರಂದು ಸರ್ಕಾರ ಸಾವಿರದ ಐನೂರಕ್ಕೂ ಹೆಚ್ಚು ಮಾದರಿಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು. ಅಮೆರಿಕ ಸೈನ್ಯದ ಮಾದರಿಯ ಎಂ14 ರೈಫಲ್ ಹೋಯಿತು. ಎಸ್‌ಕೆಎಸ್ ಉಳಿಯಿತು. 2022ರ ನವೆಂಬರ್‌ನಲ್ಲಿ ಅದನ್ನೂ ಸೇರಿಸುವ ತಿದ್ದುಪಡಿ ತಂದರು. ಮೂಲನಿವಾಸಿ ನಾಯಕರು ಎದ್ದು ನಿಂತರು, 2023ರ ಫೆಬ್ರವರಿಯಲ್ಲಿ ಹಿಂದಕ್ಕೆ ತಗೊಂಡರು. ಈ ಮೂರು ತಿಂಗಳು ಇಲ್ಲಿನ ಅಂಗಡಿಗಳಲ್ಲಿ ನಡೆದ ಆಟ ನೋಡಬೇಕಿತ್ತು. ಕೆಲವರು ನಿಷೇಧ ಆದರೆ ಸಿಗಲ್ಲ ಅಂತ ಕೊಂಡರು. ಕೆಲವರು ನಿಷೇಧ ಆದರೆ ಕೈಯಲ್ಲೇ ಕೊಳೆಯುತ್ತೆ ಅಂತ ಮಾರಿದರು. ಒಂದೇ ಸುದ್ದಿ ಓದಿ ಇಬ್ಬರೂ ಒಂದೇ ಕೌಂಟರಿನಲ್ಲಿ ನಿಂತಿದ್ದರು.

ಶಾಂತಿಪುರ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಓದುತ್ತಾ ಹೋದಂತೆ ಒಂಥರಾ ಕಸಿವಿಸಿ. ಎಲ್ಲೋ ಯುದ್ಧ, ಎಲ್ಲೋ ವಿಷ, ಎಲ್ಲೋ ಹತ್ಯಾಕಾಂಡ. ಇಲ್ಲಿ ನಾವು ಅದರಿಂದ ಬೆಲೆ ಎಷ್ಟು ಏರಿತು ಅಂತ ಲೆಕ್ಕ ಹಾಕುತ್ತಿದ್ದೇವೆ. ಹಳೆ ಕೋವಿಗಳನ್ನು ಕರಗಿಸಿಬಿಟ್ಟರೆ ಆಗದಾ? ಯಾರಿಗೆ ಬೇಕು ಈ ನೆನಪು?

ರೈನ್_ದಂಡೆ

ಮೇಡಂ, ನಿಮ್ಮ ಮಾತನ್ನು ಬಹಳಷ್ಟು ದೇಶಗಳು ಮಾಡಿಯೂ ಇವೆ. 2001ರಲ್ಲಿ ವಿಶ್ವಸಂಸ್ಥೆಯಲ್ಲಿ ಸಣ್ಣ ಶಸ್ತ್ರಗಳ ಅಕ್ರಮ ಸಾಗಣೆ ತಡೆಯಲು ಒಂದು ಕಾರ್ಯಯೋಜನೆ ಒಪ್ಪಿದರು. ಹೆಚ್ಚುವರಿ ಶಸ್ತ್ರ ನಾಶ ಮಾಡುವುದು ಅದರಲ್ಲಿ ಸೇರಿತ್ತು. ನೇಟೋ ದುಡ್ಡಿನಲ್ಲಿ ಉಕ್ರೇನ್‌ನಲ್ಲೇ ಲಕ್ಷಗಟ್ಟಲೆ ಹಳೆ ಶಸ್ತ್ರ ಕರಗಿಸಿದರು. ಸಂಗ್ರಹಕಾರರು ಹೊಟ್ಟೆ ಉರಿದುಕೊಂಡರು, ನಿಜ. ಆದರೆ ನಾಶ ಮಾಡುವುದೂ ಸುಮ್ನೆ ಆಗುವ ಕೆಲಸ ಅಲ್ಲ. ಅಲ್ಬೇನಿಯಾದ ಗೆರ್ದೆಚ್ ಎಂಬಲ್ಲಿ ಹಳೆ ಮದ್ದುಗುಂಡು ಬಿಚ್ಚುವ ಜಾಗ 2008ರ ಮಾರ್ಚ್‌ನಲ್ಲಿ ಸ್ಫೋಟಗೊಂಡು 26 ಜನ ಸತ್ತರು. ಕೆಲಸಕ್ಕೆ ಇದ್ದವರಲ್ಲಿ ಹೆಚ್ಚಿನವರು ಆಸುಪಾಸಿನ ಬಡ ಹಳ್ಳಿಯವರು.

ನಾನಿರುವ ಯುರೋಪಿನ ಕಥೆ ಬೇರೆ ತರಹ. ಇಲ್ಲಿ ಹೊಡೆಯದಂತೆ ನಿಷ್ಕ್ರಿಯ ಮಾಡಿದ ಹಳೆ ಕೋವಿಗಳ ದೊಡ್ಡ ಮಾರುಕಟ್ಟೆ ಇತ್ತು. ನಳಿಗೆಗೆ ಪಿನ್ ಹೊಡೆದು, ಬೋಲ್ಟ್ (ತೋಟೆಯನ್ನು ನಳಿಗೆಗೆ ತಳ್ಳುವ ಭಾಗ) ಕೊರೆದು, ಗೋಡೆಗೆ ನೇತುಹಾಕಲು. ಆದರೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಸ್ಲೊವಾಕಿಯಾದಲ್ಲಿ ಬಹಳ ಸಡಿಲ. ಅಲ್ಲಿಂದ ಹೋದ ಶಸ್ತ್ರಗಳನ್ನು ಮತ್ತೆ ಹೊಡೆಯುವಂತೆ ಮಾಡಿ 2015ರ ಜನವರಿಯ ಪ್ಯಾರಿಸ್ ದಾಳಿಯಲ್ಲಿ ಬಳಸಿದರು. ಅದೇ ವರ್ಷದ ಕೊನೆಗೆ ಯುರೋಪಿಯನ್ ಒಕ್ಕೂಟ ಎಲ್ಲರಿಗೂ ಒಂದೇ ಮಾನದಂಡ ತಂದಿತು, 2016ರ ಏಪ್ರಿಲ್‌ನಿಂದ ಜಾರಿ. ಹೊಸ ನಿಯಮದ ಪ್ರಕಾರ ಒಳಗಿನ ಭಾಗಗಳನ್ನು ವೆಲ್ಡ್ ಮಾಡಿ ಗಟ್ಟಿ ಮಾಡಿಬಿಡಬೇಕು. ಬೋಲ್ಟ್ ಎಳೆದು ನೋಡುವ ಖುಷಿ ಹೋಯಿತು. ಹಳೆ ಮಾನದಂಡದವು ಮನೆಯಲ್ಲಿ ಇರಬಹುದು, ಮಾರಬೇಕೆಂದರೆ ಹೊಸ ರೀತಿ ಮಾಡಿಸಬೇಕು. ಪರಿಚಿತರೊಬ್ಬರ ಗೋಡೆಯ ಮೇಲೆ ಹಾಗೆ ಸಿಕ್ಕಿಕೊಂಡ ಜರ್ಮನ್ ಸಬ್‌ಮಷಿನ್ ಗನ್ ಎಂಪಿ40 ಇದೆ. ಮಾರಲು ಮನಸ್ಸಿದೆ, ವೆಲ್ಡ್ ಮಾಡಿಸಲು ಮನಸ್ಸಿಲ್ಲ.

ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಆದರೂ ತಪ್ಪಿಸಿಕೊಳ್ಳಲಿಲ್ಲ. ಗಡಿಯಿಲ್ಲದ ಓಡಾಟದ ಶೆಂಗೆನ್ ವ್ಯವಸ್ಥೆಯಲ್ಲಿ ಉಳಿಯಬೇಕಾದರೆ ಒಕ್ಕೂಟದ ಕೋವಿ ನಿಯಮ ಒಪ್ಪಬೇಕು ಅಂತಾಯಿತು. 2019ರ ಮೇ 19ರಂದು ಜನಮತ ತಗೊಂಡರು. ಮನೆಮನೆಯಲ್ಲಿ ಸೈನ್ಯದ ರೈಫಲ್ ಇಟ್ಟುಕೊಳ್ಳುವ ದೇಶ ಅದು. ಆದರೂ ಮೂರರಲ್ಲಿ ಎರಡು ಪಾಲಿನಷ್ಟು ಜನ ಹೂಂ ಅಂದರು.

ಲೋನ್‌ಸ್ಟಾರ್_ಕನ್ನಡಿಗ

ಶಾಂತಿಪುರ ಮೇಡಂ, ನಿಮ್ಮ ಕಸಿವಿಸಿ ನನಗೂ ಆಗಿದೆ. 2022ರಲ್ಲಿ ನಮ್ಮ ಗುಂಪಿನಲ್ಲೇ ಕೆಲವರು ಯುದ್ಧ ಶುರುವಾದ ವಾರವೇ ಬೆಲೆ ಏರಿಸಿ ಮಾರಾಟಕ್ಕೆ ಹಾಕಿದರು. ಅದು ಅಸಹ್ಯ ಅಂತ ಆಗಲೇ ಹೇಳಿದ್ದೆ, ಈಗಲೂ ಅದೇ ಮಾತು. ಆದರೆ ಕರಗಿಸಬೇಕು ಅನ್ನುವುದನ್ನು ಒಪ್ಪಲಾರೆ. ಸ್ಟಾಕಿನ, ಅಂದರೆ ಮರದ ಹಿಡಿಯ ಮೇಲೆ ಯಾರೋ ಸೈನಿಕ ಚಾಕುವಿನಲ್ಲಿ ಕೊರೆದ ಎರಡಕ್ಷರ ಇರುತ್ತದೆ. ಅದು ಕರಗಿದರೆ ಹೋಯಿತು.

ಶಾಂತಿಪುರ

ಸರಿ, ಅದನ್ನು ಮ್ಯೂಸಿಯಂನಲ್ಲಿ ಇಡಿ ಅನ್ನುತ್ತೇನೆ ನಾನು. ಇಲ್ಲಿಗೆ ಬಿಡೋಣ. ಓದುತ್ತಿರುತ್ತೇನೆ.

ಕಾವೇರಿತೀರ

ಒಂದು ಪ್ರಶ್ನೆ. ರಷ್ಯಾ, ಚೀನಾ ಸರಿ, ಅವು ಅಮೆರಿಕಕ್ಕೆ ಆಗದವು. ಆದರೆ ಅಮೆರಿಕದ್ದೇ ಎಂ1 ಗ್ಯಾರಂಡ್ ಕೂಡ ದುಬಾರಿ ಆಗಿದೆಯಲ್ಲ? ಸ್ವಂತ ರೈಫಲ್‌ಗೂ ವಿದೇಶಾಂಗ ನೀತಿ ಅಡ್ಡ ಬರುತ್ತಾ?

ಲೋನ್‌ಸ್ಟಾರ್_ಕನ್ನಡಿಗ

ಜಾಸ್ತಿ ಅಡ್ಡ ಬರುವುದೇ ಅಲ್ಲಿ!

ಐವತ್ತು ಲಕ್ಷಕ್ಕೂ ಹೆಚ್ಚು ಗ್ಯಾರಂಡ್ ತಯಾರಾದವು. ಶೀತಲ ಸಮರದಲ್ಲಿ ಅಮೆರಿಕ ಅವನ್ನು ಮಿತ್ರರಿಗೆಲ್ಲ ಹಂಚಿತು. ಕೊರಿಯಾ, ಫಿಲಿಪ್ಪೀನ್ಸ್, ಟರ್ಕಿ, ಗ್ರೀಸ್, ಡೆನ್ಮಾರ್ಕ್. ನೆರವಾಗಿ ಕೊಟ್ಟ ಶಸ್ತ್ರ ಯಾರ ಕೈಗೆ ಹೋಗಬೇಕು ಅಂತ ಹೇಳುವ ಹಕ್ಕನ್ನು ಅಮೆರಿಕ ಬಿಡುವುದಿಲ್ಲ. ಖಾಸಗಿ ವ್ಯಾಪಾರಿ ಅದನ್ನು ಕೊಂಡು ವಾಪಸ್ ತರಬೇಕೆಂದರೆ ವಿದೇಶಾಂಗ ಇಲಾಖೆ ತಲೆಯಾಡಿಸಬೇಕು.

2009ರಲ್ಲಿ ದಕ್ಷಿಣ ಕೊರಿಯಾ ತನ್ನ ಹಳೆ ಎಂ1 ಗ್ಯಾರಂಡ್ ಎಂಬತ್ತು ಸಾವಿರಕ್ಕೂ ಜಾಸ್ತಿ, ಜೊತೆಗೆ ಎಂ1 ಕಾರ್ಬೈನ್‌ಗಳನ್ನು ಅಮೆರಿಕದ ಸಂಗ್ರಹಕಾರರಿಗೆ ಮಾರುತ್ತೇನೆ ಅಂದಿತು. ಮೊದಲು ಒಪ್ಪಿಗೆ ಸಿಕ್ಕಿತು. 2010ರಲ್ಲಿ ಒಬಾಮಾ ಸರ್ಕಾರ ಅದನ್ನು ವಾಪಸ್ ತಗೊಂಡಿತು. ಕಾರಣ ಕೊಟ್ಟದ್ದು, ತಪ್ಪು ಕೈಗೆ ಹೋಗಬಹುದು ಅಂತ. ಕೊರಿಯಾದವರಿಗೆ ಎಷ್ಟು ಇರಿಸುಮುರಿಸು ಆಗಿರಬೇಕು ಯೋಚಿಸಿ. ನಿಮ್ಮದೇ ರೈಫಲ್, ನಿಮ್ಮದೇ ಜನ ಕೊಳ್ಳುತ್ತಾರೆ, ನೀವೇ ಬೇಡ ಅಂತೀರಿ! 2013ರ ಆಗಸ್ಟ್‌ನಲ್ಲಿ ಇಂಥ ಮರು ಆಮದನ್ನೇ, ಮ್ಯೂಸಿಯಂಗಳನ್ನು ಬಿಟ್ಟು, ತಡೆಯುವ ನೀತಿ ಬಂತು. ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡು ಹಾರಿಸಿ ಮಕ್ಕಳನ್ನು ಕೊಂದ ಘಟನೆ ಆದ ಮರುವರ್ಷ ಅದು. ಎಂಟು ಗುಂಡಿನ, ನಾಲ್ಕು ಕೆಜಿಗೂ ಜಾಸ್ತಿ ತೂಗುವ ಆ ರೈಫಲ್‌ಗೂ ಶಾಲೆಯ ಘಟನೆಗೂ ಏನು ಸಂಬಂಧ ಅಂತ ನನಗಂತೂ ಇವತ್ತಿಗೂ ತಿಳಿದಿಲ್ಲ. ಏನೋ ಮಾಡಿದೆವು ಅಂತ ತೋರಿಸಬೇಕಿತ್ತು.

ಆದರೆ ಸಾಲವಾಗಿ ಕೊಟ್ಟದ್ದು ನೇರ ಅಮೆರಿಕ ಸೈನ್ಯಕ್ಕೇ ಮರಳಬಹುದು. ಅದಕ್ಕೆ ಬೇರೆ ದಾರಿ. ಸಿಎಂಪಿ ಅಂತ ಒಂದು ಸಂಸ್ಥೆ ಇದೆ, ಮೂಲ 1903ರದ್ದು, ಜನರಿಗೆ ಗುರಿ ಹೊಡೆಯುವುದನ್ನು ಕಲಿಸಲು ಶುರುವಾದದ್ದು. ಸೈನ್ಯ ಅದಕ್ಕೆ ಕೊಡುತ್ತದೆ, ಅದು ನಾಗರಿಕರಿಗೆ ಮಾರುತ್ತದೆ. 2017-18ರ ಸುಮಾರಿಗೆ ಫಿಲಿಪ್ಪೀನ್ಸ್ ಮತ್ತು ಟರ್ಕಿಯಿಂದ ಹೀಗೆ ದೊಡ್ಡ ಮಾಲು ಮರಳಿತು. ಫಿಲಿಪ್ಪೀನ್ಸ್‌ನಿಂದ ಬಂದವುಗಳ ಮರದಲ್ಲಿ ಗೆದ್ದಲು ತಿಂದ ತೂತುಗಳು. ಕೆಲವಕ್ಕೆ ಹೊಸ ಮರವನ್ನೇ ಹಾಕಿದರು. ಆ ಮಾಲು ಬಂದದ್ದರಿಂದ ಬೆಲೆ ಸ್ವಲ್ಪ ಹಿಡಿತದಲ್ಲಿ ಇತ್ತು.

ಕಾಫಿತೋಟ

ನಾನು ಮಡಿಕೇರಿ ಕಡೆಯವನು. ಇಷ್ಟೊತ್ತು ಓದುತ್ತಾ ಕೂತಿದ್ದೆ. ನಮ್ಮ ಇಷಾಪುರದ ಬಗ್ಗೆ ಯಾರೂ ಎತ್ತಲೇ ಇಲ್ಲವಲ್ಲ ಮಾರಾಯ್ರೆ.

ಕೊಲ್ಕತ್ತಾ ಹತ್ತಿರದ ಇಷಾಪುರ ಕಾರ್ಖಾನೆ ಬ್ರಿಟಿಷರ ಕಾಲದಿಂದ .303 ಲೀ-ಎನ್‌ಫೀಲ್ಡ್ ಮಾಡುತ್ತಿತ್ತು. ಹಳೆಯದರ ಮೇಲೆ ಕಿರೀಟ, ಕೆಳಗೆ ಜಿಆರ್‌ಐ ಅಂತ ರಾಜನ ಮುದ್ರೆ. ಗಣರಾಜ್ಯದ ಹೊತ್ತಿಗೆ ಅದೇ ರೈಫಲ್, ಅದೇ ಯಂತ್ರ, ಮುದ್ರೆ ಮಾತ್ರ ಅಶೋಕ ಸಿಂಹ ಮತ್ತು ಆರ್‌ಎಫ್‌ಐ. 1962ರಲ್ಲಿ ಚೀನಾ ಜೊತೆ ಯುದ್ಧ ಆದಾಗ ನಮ್ಮ ಸೈನಿಕರ ಕೈಯಲ್ಲಿ ಇದ್ದದ್ದು ಬಹುತೇಕ ಈ .303. ಅದರ ಬೆನ್ನಿಗೇ 7.62 ನೇಟೋ ತೋಟೆಗೆ ಹೊಂದುವ ಹೊಸ ಲೀ-ಎನ್‌ಫೀಲ್ಡ್ ಮಾಡಿದರು. ಮೊದಲು 2ಎ, ಆಮೇಲೆ 2ಎ1. ಚೌಕ ಮ್ಯಾಗಜೀನ್, ಹನ್ನೆರಡು ಗುಂಡು. ಗುರಿ ಹಿಡಿಯುವ ದೂರಪಟ್ಟಿ 2ಎಯಲ್ಲಿ 2000 ಮೀಟರ್ ತನಕ ಇತ್ತು, 2ಎ1ರಲ್ಲಿ 800ಕ್ಕೆ ಇಳಿಸಿದರು. ಎರಡು ಸಾವಿರ ಮೀಟರ್‌ಗೆ ಯಾರು ಹೊಡೆಯುತ್ತಾರೆ ಅನ್ನುವ ಜ್ಞಾನೋದಯ ಆಗಿರಬೇಕು.

ಇವು ಆಮೇಲೆ ಸಾವಿರಗಟ್ಟಲೆ ಅಮೆರಿಕಕ್ಕೆ ಹೋದವು. ಒಂದು ಕಾಲಕ್ಕೆ ಅಲ್ಲಿ ಅತಿ ಅಗ್ಗದ ರೈಫಲ್‌ಗಳಲ್ಲಿ ಅದೂ ಒಂದು. ಹಳೆ .303ನ್ನು ತಿದ್ದಿ ಮಾಡಿದ್ದು, ಒಡೆದುಹೋಗುತ್ತೆ ಅಂತ ಅಲ್ಲಿನವರು ಹೆದರಿಸುತ್ತಾ ಇರುತ್ತಾರೆ. ಅದು ಸುಳ್ಳು. ಬೇರೆ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದ್ದು.

ಇಲ್ಲಿ ನಮಗೆ ಅದರ ಯೋಗ ಇಲ್ಲ. .303 ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). ಈ ಬೋರಿನ ರಾಜಕೀಯವೂ ಹಳೆಯದೇ. ಸೈನ್ಯದ ತೋಟೆ ಜನರ ಕೈಗೆ ಹೋಗಬಾರದು ಅಂತ ಬ್ರಿಟಿಷರು ತಡೆದರು. 1907ರ ಸುಮಾರಿಗೆ .450 ಬೋರನ್ನೂ ಭಾರತದಲ್ಲಿ ನಿಲ್ಲಿಸಿದಾಗ ಲಂಡನ್ನಿನ ಕೋವಿ ಕಂಪನಿಗಳು .470, .465 ಅಂತ ಹೊಸ ಬೋರುಗಳನ್ನೇ ಹುಟ್ಟುಹಾಕಿದವು. ಆನೆ ಬೇಟೆಯ ಅತಿ ಹೆಸರಾದ ತೋಟೆಗಳು ಹುಟ್ಟಿದ್ದು ಭಾರತದ ಕಾನೂನಿನಿಂದ! ಇಷಾಪುರದ .315 ರೈಫಲ್ ಕೂಡ ಅದೇ ಸಂತತಿ. ಲೀ-ಎನ್‌ಫೀಲ್ಡ್ ಮೈಕಟ್ಟು, ಬೋರ್ ಮಾತ್ರ ನಾಗರಿಕರದ್ದು.

ವಿದೇಶಿ ಕೋವಿಗಳ ಆಮದು ಇಲ್ಲಿ ಎಂಬತ್ತರ ದಶಕದಲ್ಲೇ ನಿಂತಿತು. ಅದಕ್ಕೂ ಮುಂಚೆ ಬಂದ ವೆಬ್ಲಿ, ವಾಲ್ಥರ್ ಇದ್ದರೆ ಲಕ್ಷಗಟ್ಟಲೆ ಬೆಲೆ ಹೇಳುತ್ತಾರೆ. ಅಮೆರಿಕದಲ್ಲಿ ಅದೇ ಪಿಸ್ತೂಲಿಗೆ ಎಷ್ಟು ಅಂತ ನೋಡಿದರೆ ನಗು ಬರುತ್ತದೆ.

ಆಲ್ಬರ್ಟಾ_ಅಣ್ಣ

ಕೊಡಗಿನವರಿಗೆ ಲೈಸೆನ್ಸೇ ಬೇಡ ಅಂತಾರಲ್ಲ?

ಕಾಫಿತೋಟ

ಎಲ್ಲದಕ್ಕೂ ಅಲ್ಲ ಅಣ್ಣ. ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ವಿನಾಯಿತಿ ಇದೆ. ನಿಷೇಧಿತ ಬೋರ್ ಅಲ್ಲದ ಒಂದು ರೈಫಲ್, ನಳಿಗೆಯಲ್ಲಿ ಗೆರೆಗಳಿಲ್ಲದ ಒಂದು ಕೋವಿ, ಅಷ್ಟೇ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಕೈಲ್ ಮುಹೂರ್ತಕ್ಕೆ ಹೂವಿಟ್ಟು ಪೂಜೆ ಮಾಡುವುದರಲ್ಲಿ ಜೋಡುನಳಿಗೆಯೂ ಇರುತ್ತದೆ, ಅಜ್ಜನ ಕಾಲದ ಕೇಪಿನ ಕೋವಿಯೂ ಇರುತ್ತದೆ. ಕೇಪಿನ ಕೋವಿ ಬಹಳ ಮನೆಯಲ್ಲಿ ಹೊಡೆಯುವುದೇ ಇಲ್ಲ, ಅಟ್ಟದಿಂದ ಇಳಿಸಿ ಒರೆಸುತ್ತಾರೆ. ಅದೇ 2019ರ ಕೊನೆಯಲ್ಲಿ ಬಂದ ತಿದ್ದುಪಡಿಯಿಂದ ದೇಶದಲ್ಲಿ ಲೈಸೆನ್ಸ್ ಇದ್ದವರು ಮೂರರ ಬದಲು ಎರಡೇ ಇಟ್ಟುಕೊಳ್ಳಬೇಕಾಯಿತು. ಮೂರನೆಯದು ಯಾವುದನ್ನು ಬಿಡುವುದು ಅಂತ ಎಷ್ಟೋ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದೂ ಉಂಟು.

ಇತಿಹಾಸಪ್ರಿಯ

ಅಟ್ಟದ ಮಾತು ಬಂತಲ್ಲ, ನೇಪಾಳದ ಅಟ್ಟ ಎಲ್ಲಕ್ಕಿಂತ ದೊಡ್ಡದು. ಕಠ್ಮಂಡುವಿನ ಲಗನ್ ಸಿಲೆಖಾನಾ ಅಂತ ಹಳೆ ಅರಮನೆ ಶಸ್ತ್ರಾಗಾರ. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಅದನ್ನು ಹೆಚ್ಚೂಕಡಿಮೆ ಇಡಿಯಾಗಿ ಕೊಂಡರು. ಈಸ್ಟ್ ಇಂಡಿಯಾ ಕಂಪನಿ ಕಾಲದ ಬ್ರೌನ್ ಬೆಸ್, ಬ್ರನ್ಸ್‌ವಿಕ್, ಸ್ನೈಡರ್, ಮಾರ್ಟಿನಿ-ಹೆನ್ರಿ ಎಂಬ ಹಳೆ ಬ್ರಿಟಿಷ್ ಕೋವಿಗಳು, ಜನರಲ್ ಗಹೇಂದ್ರ ಶಮ್‌ಶೇರ್ ರೂಪಿಸಿದ ನೇಪಾಳದ್ದೇ ಗಹೇಂದ್ರ ರೈಫಲ್. ಫಿರಂಗಿಗಳೂ ಇದ್ದವು. ನೇಪಾಳ ಆಗ ಮಾವೋವಾದಿ ಯುದ್ಧದ ನಡುವೆ ಇತ್ತು. 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಅಮೆರಿಕದ ಕಾನೂನಿನಲ್ಲಿ ಪುರಾತನ ವಸ್ತು, ಹಾಗಾಗಿ ಹೆಚ್ಚಿನವಕ್ಕೆ ಲೈಸೆನ್ಸ್ ತಲೆನೋವೂ ಇಲ್ಲ. ಅಲ್ಲಿಯವರೆಗೆ ಮಾರ್ಟಿನಿ ಅಂದರೆ ಕೈಗೆಟುಕದ ವಸ್ತು. ಆಮೇಲೆ ಯಾರು ಬೇಕಾದರೂ ಕೊಳ್ಳುವಂತಾಯಿತು. ಕಪ್ಪು ಜಿಡ್ಡು ಮೆತ್ತಿಕೊಂಡು ಬರುತ್ತಿತ್ತು. ಕೆರೆದು ತೊಳೆದಾಗ ದೇವನಾಗರಿ ಅಂಕಿಗಳು ಮೇಲೆ ಬರುತ್ತವೆ.

ಇಥಿಯೋಪಿಯಾದ ಮಾಲು ಇತ್ತೀಚಿನದು. ಅದನ್ನು ನೋಡಿದರೆ ಆ ದೇಶದ ಇತಿಹಾಸವೇ ರ್‍ಯಾಕಿನಲ್ಲಿ ನಿಂತಂತೆ. ಚಕ್ರವರ್ತಿ ಹೈಲೆ ಸೆಲಾಸಿ ಕೊಂಡ ಬೆಲ್ಜಿಯಂ ಮೌಸರ್, ಜೆಕ್ ಮೌಸರ್, ಫ್ರಾನ್ಸಿನ ಬರ್ತಿಯೆ. ದಾಳಿ ಮಾಡಿ ಬಂದ ಇಟಲಿಯವರ ಕಾರ್ಕಾನೊ. ಯುದ್ಧದ ನಂತರ ಅಮೆರಿಕ ನೆರವಾಗಿ ಕೊಟ್ಟ ಎಂ1 ಕಾರ್ಬೈನ್. ಜರ್ಮನ್ ಮೌಸರ್ ಕೂಡ ಇದೆ. 1935ರಲ್ಲಿ ಆಸ್ಟ್ರಿಯಾ ವಿಷಯದಲ್ಲಿ ಮುಸೊಲಿನಿ ಅಡ್ಡ ನಿಂತಿದ್ದ ಅಂತ ಹಿಟ್ಲರ್ ಗುಟ್ಟಾಗಿ ಇಟಲಿಯ ಶತ್ರುವಿಗೆ ರೈಫಲ್ ಕಳಿಸಿದ್ದ. ಮರುವರ್ಷ ಇಬ್ಬರೂ ಗೆಳೆಯರು. ಆ ಮಾಲಿನ ಸ್ಥಿತಿ ಮಾತ್ರ ಬಹಳ ಕೆಟ್ಟದು. ಸ್ಟಾಕ್ ಸೀಳಿದರೆ ತಗಡು ಸುತ್ತಿ ಮೊಳೆ ಹೊಡೆದಿರುತ್ತಾರೆ.

ಕಾವೇರಿತೀರ

ಎಲ್ಲರಿಗೂ ಬಹಳ ಧನ್ಯವಾದ. ಈಗ ನೇರ ಪ್ರಶ್ನೆ. ಮುಂದೆ ಬೆಲೆ ಇಳಿಯುತ್ತಾ? ರಷ್ಯಾ-ಉಕ್ರೇನ್ ಯುದ್ಧ ನಿಂತರೆ ಮತ್ತೆ ಹಳೆ ಬೆಲೆಗೆ ಬರುತ್ತಾ? ಕಾದು ನೋಡಲಾ, ಕೊಳ್ಳಲಾ?

ಲೋನ್‌ಸ್ಟಾರ್_ಕನ್ನಡಿಗ

ಎಂಬತ್ತು ಡಾಲರ್ ಕಾಲ ಮರೆತುಬಿಡಿ. ನಿರ್ಬಂಧ ಹಾಕುವುದು ಒಂದು ಸಹಿಯ ಕೆಲಸ, ತೆಗೆಯುವುದು ವರ್ಷಗಳ ಕೆಲಸ. ಚೀನಾ ನಿಷೇಧ ನೋಡಿ, ಮೂವತ್ತು ವರ್ಷ ದಾಟಿತು. ತೆಗೆಯಬೇಕು ಅಂತ ಕೇಳುವವರೇ ಇಲ್ಲ. ಯುದ್ಧ ನಿಂತರೂ ಉಕ್ರೇನ್ ತನ್ನ ಉಗ್ರಾಣ ಮಾರುವುದಕ್ಕಿಂತ ಹಿಡಿದಿಟ್ಟುಕೊಳ್ಳುವ ಸಾಧ್ಯತೆಯೇ ಜಾಸ್ತಿ.

ಕೊಳ್ಳುವುದಾದರೆ ಹೂಡಿಕೆ ಅಂತ ಕೊಳ್ಳಬೇಡಿ. ತೋಟೆ ಎಲ್ಲಿಂದ ಬರುತ್ತೆ ಅಂತ ಮೊದಲು ನೋಡಿ. ಮೊಸಿನ್ ತೋಟೆ ಈಗಲೂ ಸರ್ಬಿಯಾದ ಪ್ರ್ವಿ ಪಾರ್ಟಿಜಾನ್, ಜೆಕ್‌ನ ಸೆಲಿಯರ್ ಅಂಡ್ ಬೆಲೊ ಮಾಡುತ್ತವೆ, ಬೆಲೆ ಜಾಸ್ತಿ ಅಷ್ಟೇ. ಫ್ರೆಂಚ್ ಬರ್ತಿಯೆ, ಇಟಲಿಯ 7.35 ಕಾರ್ಕಾನೊ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ತೋಟೆ ಹುಡುಕುವುದರಲ್ಲೇ ಸುಸ್ತು. ಟಾರ್ಚ್ ತಗೊಂಡು ಹೋಗಿ. ನಳಿಗೆಯ ಬಾಯಿಗೆ ಬಿಟ್ಟು ನೋಡಿ. ತುದಿಯಲ್ಲಿ ಒಂದೆರಡು ಇಂಚು ಗೆರೆಗಳಿಲ್ಲದೆ ನುಣ್ಣಗೆ ಅಗಲವಾಗಿದ್ದರೆ ಸವೆದ ಭಾಗವನ್ನು ಕೊರೆದಿದ್ದಾರೆ ಅಂತ. ಗುರಿಗೆ ತೊಂದರೆ ಇಲ್ಲ, ಚೌಕಾಸಿಗೆ ಒಳ್ಳೆಯದು. ಬೋಲ್ಟ್, ನಳಿಗೆ, ಮ್ಯಾಗಜೀನ್ ಮುಚ್ಚಳ, ಹಿಂಬದಿಯ ತಟ್ಟೆ, ಈ ನಾಲ್ಕರ ನಂಬರ್ ಒಂದೇ ಇದೆಯಾ ನೋಡಿ. ನಂಬರಿಗೆ ಗೆರೆ ಹೊಡೆದು ಪಕ್ಕಕ್ಕೆ ಹೊಸದನ್ನು ಕೊರೆದಿದ್ದರೆ ರಿಪೇರಿಯಲ್ಲಿ ಹೊಂದಿಸಿದ್ದು. ಅದಕ್ಕೆ ಮೂಲದ ಬೆಲೆ ಕೊಡಬೇಡಿ.

ಕಾವೇರಿತೀರ

ಇಷಾಪುರ 2ಎ1 ಅಮೆರಿಕದಲ್ಲಿ ಈಗ ಎಷ್ಟಿದೆ ಸರ್? ನಮ್ಮದೇ ಊರಿನ ಕಡೆಯದ್ದು ಅಂತ ಅದರ ಮೇಲೇ ಮನಸ್ಸಾಗುತ್ತಿದೆ.

ಲೋನ್‌ಸ್ಟಾರ್_ಕನ್ನಡಿಗ

ನಾನೂರರಿಂದ ಆರುನೂರು ಕೇಳುತ್ತಾರೆ. ಮುಂದಿನ ಮರದಲ್ಲಿ ಅಡ್ಡಲಾಗಿ ಒಂದು ಸ್ಕ್ರೂ ಇರುತ್ತದೆ, ಇಷಾಪುರದವರು ಮರ ಸೀಳದಿರಲಿ ಅಂತ ಹಾಕಿದ್ದು. ಅದನ್ನು ನೋಡಿ ಹಾಳಾಗಿದೆ ಅಂತ ಬಿಟ್ಟುಬರಬೇಡಿ. ಕೆಲವು ಮಾರಾಟಗಾರರಿಗೇ ಅದು ಗೊತ್ತಿಲ್ಲ, ರಿಪೇರಿ ಅಂದುಕೊಂಡು ಬೆಲೆ ಇಳಿಸುತ್ತಾರೆ.

ಕಾಫಿತೋಟ

ಸಿಕ್ಕಿದರೆ ಸಿಂಹ ಮುದ್ರೆಯ ಫೋಟೊ ಇಲ್ಲಿ ಹಾಕಿ. ಕೆಳಗೆ ತಯಾರಾದ ವರ್ಷ ಇರುತ್ತದೆ, ಅದೂ ಕಾಣಲಿ. ನಾವು ಇಲ್ಲಿ ಫೋಟೊದಲ್ಲೇ ನೋಡಬೇಕು.